ಪಂಪ್ ನಿಯಂತ್ರಕದ ಬೋರ್ಡಿಗೆ ಯಾವ ಉಚಿತ ಪಿಸಿಬಿ ತಂತ್ರಾಂಶ?

ಇಎಸ್‌ಪಿ32 (ಪುಟ್ಟ ನಿಯಂತ್ರಕ ಚಿಪ್) ಮತ್ತು ರಿಲೇ (ವಿದ್ಯುತ್ತಿನಿಂದ ನಡೆಯುವ ಸ್ವಿಚ್) ಇಟ್ಟುಕೊಂಡು ತೋಟದ ಪಂಪಿಗೆ ಸ್ವಂತ ಬೋರ್ಡ್ (ಪಿಸಿಬಿ, ಅಂದರೆ ಬಿಡಿಭಾಗಗಳನ್ನು ತಾಮ್ರದ ದಾರಿಗಳಿಂದ ಜೋಡಿಸುವ ಹಲಗೆ) ಮಾಡಬೇಕು, ಅದನ್ನು ವಿನ್ಯಾಸ ಮಾಡುವ ಉಚಿತ ತಂತ್ರಾಂಶಗಳಲ್ಲಿ ಯಾವುದನ್ನು ಕಲಿಯಲಿ ಎಂದು ಕೇಳಿದ್ದೀರಿ. ಕೀಕ್ಯಾಡ್ ಕಲಿಯಿರಿ.

‘ಉಚಿತ’ ಎಂದವರೆಲ್ಲ ಒಂದೇ ರೀತಿ ಕೊಡುವುದಿಲ್ಲ. ಹವ್ಯಾಸಿಗಳು ವರ್ಷಗಟ್ಟಲೆ ನೆಚ್ಚಿಕೊಂಡಿದ್ದ ಈಗಲ್ ಎಂಬ ಪಿಸಿಬಿ ತಂತ್ರಾಂಶದ ಉಚಿತ ಆವೃತ್ತಿ ಎರಡೇ ತಾಮ್ರದ ಪದರ, 80 ಚದರ ಸೆಂ.ಮೀ. ಬೋರ್ಡಿಗೆ ನಿಂತುಬಿಡುತ್ತಿತ್ತು. 2016ರಲ್ಲಿ ಆಟೋಡೆಸ್ಕ್ ಕಂಪನಿ ಅದನ್ನು ಕೊಂಡಿತು, 2026ರ ಜೂನ್‌ಗೆ ಅದರ ಕಥೆ ಮುಗಿಯುತ್ತದೆ ಎಂದು 2023ರಲ್ಲಿ ಘೋಷಿಸಿತು. ಕೀಕ್ಯಾಡ್‌ಗೆ ಅಂಥ ಯಜಮಾನರಿಲ್ಲ. 1992ರಲ್ಲಿ ಫ್ರಾನ್ಸಿನ ಜಾನ್-ಪಿಯೆರ್ ಷರಾಸ್ ಆರಂಭಿಸಿದ ಈ ಮುಕ್ತ ತಂತ್ರಾಂಶಕ್ಕೆ ಮುಂದೆ ಯುರೋಪಿನ ಕಣಭೌತಶಾಸ್ತ್ರ ಪ್ರಯೋಗಾಲಯ ಸರ್ನ್ ಕೂಡ ಕೈಜೋಡಿಸಿತು. ಬೋರ್ಡಿನ ಅಳತೆಗೆ ಕಡಿವಾಣವಿಲ್ಲ, ತಾಮ್ರದ ಪದರ 32ರವರೆಗೂ ಹಾಕಬಹುದು (ನಿಮಗೆ ಎರಡು ಸಾಕು). ಕಡತಗಳು ಬರೀ ಪಠ್ಯ. ನಿಮ್ಮ ಕಂಪ್ಯೂಟರಿನಲ್ಲೇ ಇರುತ್ತವೆ.

ಇನ್ನೊಂದು ಉಚಿತ ತಂತ್ರಾಂಶ ಈಸಿಇಡಿಎ ಬ್ರೌಸರಿನಲ್ಲೇ ನಡೆಯುತ್ತದೆ, ಬಿಡಿಭಾಗಗಳ ಸಂಗ್ರಹವೂ ದೊಡ್ಡದು. ನಾಳೆಯೇ ಬೋರ್ಡ್ ತಯಾರಿಕೆಗೆ ಕಳುಹಿಸಬೇಕೆಂಬ ಆತುರವಿದ್ದರೆ ಅದು ತಪ್ಪಲ್ಲ. ಮತ್ತೊಂದು ತಂತ್ರಾಂಶ ಫ್ರಿಟ್ಜಿಂಗ್, ಬ್ರೆಡ್‌ಬೋರ್ಡ್ (ಬೆಸುಗೆಯಿಲ್ಲದೆ ಜೋಡಿಸಿ ನೋಡುವ ಹಲಗೆ) ಚಿತ್ರ ಬಿಡಿಸಲು ಚೆಂದ, ಅದಕ್ಕಿಂತ ಮುಂದೆ ಹೋಗಬೇಡಿ.

ಕೀಕ್ಯಾಡ್‌ನಲ್ಲಿ ಹೊಸಬರು ತಡವರಿಸುವುದು ಒಂದು ಕಡೆ: ಸ್ಕೀಮ್ಯಾಟಿಕ್‌ನ (ಸರ್ಕಿಟ್ ನಕ್ಷೆಯ) ಚಿಹ್ನೆ ಬೇರೆ, ಬೋರ್ಡಿನ ಮೇಲೆ ಕೂರುವ ಫುಟ್‌ಪ್ರಿಂಟ್ (ಬಿಡಿಭಾಗದ ಕಾಲುಗಳು ಇಳಿಯುವ ಜಾಗದ ಅಚ್ಚು) ಬೇರೆ, ಎರಡನ್ನೂ ನೀವೇ ಜೋಡಿಸಬೇಕು. ಮೊದಲು ಕಿರಿಕಿರಿ ಎನಿಸುತ್ತದೆ. ಆದರೆ ಅಂಗಡಿಯಲ್ಲಿ ಸಿಕ್ಕ ರಿಲೇಯ ಕಾಲುಗಳು ಲೈಬ್ರರಿಯ ರಿಲೇಗೆ ಹೊಂದದಿದ್ದಾಗ ಈ ವ್ಯವಸ್ಥೆಯ ಬೆಲೆ ತಿಳಿಯುತ್ತದೆ: ಫುಟ್‌ಪ್ರಿಂಟ್ ಬದಲಿಸಿದರೆ ಸಾಕು, ಸ್ಕೀಮ್ಯಾಟಿಕ್ ಮುಟ್ಟಬೇಕಾಗಿಲ್ಲ.

ನಿಮ್ಮದು 230 ವೋಲ್ಟ್ ಹರಿಯುವ ಬೋರ್ಡ್. ಆ ತಾಮ್ರದ ದಾರಿಗಳಿಗೆ ಪ್ರತ್ಯೇಕ ನೆಟ್ ಕ್ಲಾಸ್ (ಒಂದೇ ನಿಯಮ ಪಾಲಿಸುವ ದಾರಿಗಳ ಗುಂಪು) ಮಾಡಿ, ಅಂತರ ಹೆಚ್ಚಿಸಿ. ಇಎಸ್‌ಪಿ32 ಇರುವ ಭಾಗಕ್ಕೂ ಅದಕ್ಕೂ ನಾನು 6 ಮಿ.ಮೀ.ಗಿಂತ ಕಡಿಮೆ ಬಿಡುವುದಿಲ್ಲ. ಬಳಿಕ ಡಿಆರ್‌ಸಿ (ವಿನ್ಯಾಸದ ನಿಯಮಗಳ ತಪಾಸಣೆ) ಓಡಿಸಿದರೆ ಎಲ್ಲಿ ಹತ್ತಿರವಾಗಿದೆ ಎಂದು ಅದೇ ಬೊಟ್ಟು ಮಾಡುತ್ತದೆ. ಪಂಪ್ ಒಂದು ಹೆಚ್‌ಪಿಗಿಂತ ದೊಡ್ಡದಾದರೆ ಮಾತ್ರ ಬೋರ್ಡಿನ ರಿಲೇ ನೆಚ್ಚಬೇಡಿ. ಅದರಿಂದ ಕಾಂಟ್ಯಾಕ್ಟರ್ (ದೊಡ್ಡ ವಿದ್ಯುತ್ ಹೊರುವ ಸ್ವಿಚ್) ಎಳೆಸಿ.

ತಯಾರಕರಿಗೆ ಗರ್ಬರ್ ಕಡತ (ಬೋರ್ಡಿನ ಪದರಗಳ ಚಿತ್ರ) ಕಳುಹಿಸುವ ಮುನ್ನ ಬೋರ್ಡನ್ನು 1:1 ಅಳತೆಯಲ್ಲಿ ಕಾಗದದ ಮೇಲೆ ಮುದ್ರಿಸಿ, ಕೊಂಡ ಬಿಡಿಭಾಗಗಳನ್ನು ಅದರ ಮೇಲಿಟ್ಟು ನೋಡಿ. ಸ್ಕ್ರೂ ಟರ್ಮಿನಲ್‌ಗಳಲ್ಲಿ 5 ಮಿ.ಮೀ. ಅಂತರದವೂ ಇವೆ, 5.08ರವೂ ಇವೆ, ಎರಡು ಕಾಲಿನದ್ದಾದರೆ ನಡೆದೀತು, ಎಂಟು ಕಾಲಿನದ್ದು ತೂತಿಗೆ ಇಳಿಯುವುದಿಲ್ಲ.