ಆರು ಗಂಟೆಗೆ ಹೇಗಿದ್ರೂ ಬರತ್ತಲ್ಲ

ಶಾಲೆಯಲ್ಲಿ ವರ್ಷದ ಮೊದಲ ಮೌಲ್ಯಮಾಪನ, ಅಂದರೆ ಎಫ್ಎ-1, ಮುಗಿದು ಮಾರ್ಕ್ಸ್ ಕೈಗೆ ಬರುವ ಹೊತ್ತಿಗೆ ಆಪ್ತಸಲಹೆಗಾರ್ತಿಯಾದ ನನ್ನ ಹತ್ತಿರ ಬರುವ ಅಮ್ಮಂದಿರ ದೂರು ಹೆಚ್ಚುಕಮ್ಮಿ ಒಂದೇ. ಮಗು ಆರನೇ ಕ್ಲಾಸೋ ಏಳನೇ ಕ್ಲಾಸೋ ಓದುತ್ತಿರುತ್ತದೆ. "ಕ್ಲಾಸಲ್ಲಿ ಹೇಳಿದ್ದು ಒಂದೂ ತಲೆಗೆ ಹೋಗಲ್ಲ ಮೇಡಂ. ಹೋಂವರ್ಕ್ ಏನು ಅಂತ ಕೇಳಿದ್ರೆ ಗೊತ್ತಿಲ್ಲ ಅಂತಾನೆ." ಆಮೇಲೆ ದನಿ ತಗ್ಗಿಸಿ, "ಎಡಿಎಚ್‌ಡಿ ಏನಾದ್ರೂ ಇರಬಹುದಾ?" ಗಮನ ಒಂದು ಕಡೆ ನಿಲ್ಲದ, ಚಡಪಡಿಕೆಯ ಆ ತೊಂದರೆಯ ಬಗ್ಗೆ ಫೋನಿನಲ್ಲಿ ಯಾವುದೋ ರೀಲ್ಸ್ ನೋಡಿರುತ್ತಾರೆ.

ಇಲ್ಲಿ ಹೇಳುತ್ತಿರುವುದು ಅಂಥ ಒಂದು ಪ್ರಕರಣ. ತಂದೆತಾಯಿಯ ಒಪ್ಪಿಗೆ ಪಡೆದು, ಗುರುತು ಸಿಗದ ಹಾಗೆ ಕೆಲವು ವಿವರ ಬದಲಾಯಿಸಿದ್ದೇನೆ. ನಾನು ಕೊಟ್ಟ ಸಲಹೆಗೆ ಆ ಮನೆಯ ಅಜ್ಜಿ ನನ್ನನ್ನು ಬೈದರು. ಶಾಲೆಯ ಟೀಚರ್ ಬೇಜಾರು ಮಾಡಿಕೊಂಡರು. ನನ್ನ ಜೊತೆ ಕೆಲಸ ಮಾಡುವವರೇ "ಸ್ವಲ್ಪ ಜಾಸ್ತಿ ಆಯ್ತು" ಅಂದರು. ಆದರೂ ಅದೇ ಸಲಹೆಯನ್ನು ಬೇರೆ ಮನೆಗಳಿಗೂ ಕೊಡುತ್ತಾ ಬಂದಿದ್ದೇನೆ. ಯಾಕೆ ಅಂತ ಒಂದು ಸಲ ಬರೆದುಬಿಡುವುದು ಒಳ್ಳೆಯದು ಅನ್ನಿಸಿತು.

ಹುಡುಗ 2024-25ರಲ್ಲಿ ಏಳನೇ ಕ್ಲಾಸು. ತಾಲ್ಲೂಕು ಕೇಂದ್ರದ ಇಂಗ್ಲಿಷ್ ಮೀಡಿಯಂ ಶಾಲೆ. ಅಪ್ಪನದು ಪೈಪು, ನಲ್ಲಿ ಮಾರುವ ಹಾರ್ಡ್‌ವೇರ್ ಅಂಗಡಿ. ಅಮ್ಮ ಡಿಗ್ರಿ ಓದಿದವರು, ಮದುವೆಯಾದ ಮೇಲೆ ಕೆಲಸಕ್ಕೆ ಹೋಗಿಲ್ಲ. ಒಬ್ಬನೇ ಮಗ. ಮಾರ್ಕ್ಸ್ ಅಷ್ಟೇನೂ ಕೆಟ್ಟದಾಗಿರಲಿಲ್ಲ. ಕಣ್ಣು, ಕಿವಿ ಎರಡನ್ನೂ ಮೊದಲು ಡಾಕ್ಟರಿಗೆ ತೋರಿಸಿ ಬನ್ನಿ ಅಂದಿದ್ದೆ. ತೊಂದರೆ ಏನೂ ಇರಲಿಲ್ಲ.

ಮೊದಲ ಭೇಟಿಯಲ್ಲಿ ಪೂರ್ತಿ ಅಮ್ಮನೇ ಮಾತಾಡಿದರು, ಹುಡುಗ ಫ್ಯಾನ್ ನೋಡುತ್ತಾ ಕೂತಿದ್ದ. ಎರಡನೇ ಸಲ ಅಪ್ಪ ಬಂದರು. ಅಂಗಡಿ ಬಿಟ್ಟು ಬಂದ ಅವಸರ ಅವರಿಗೆ. "ಇವನಿಗೆ ನೆನಪಿರಲ್ಲ ಅಂತ ಯಾರು ಹೇಳಿದ್ದು ಮೇಡಂ? ಭಾನುವಾರ ಅಂಗಡಿಗೆ ಬರ್ತಾನೆ. ಪ್ಲಂಬರ್ ಬಂದು ಮುಕ್ಕಾಲಿಂಚಿನ ಎಲ್ಬೋ ಆರು, ಟೀ ಎರಡು, ಒಂದಿಂಚಿನ ಎಂಡ್ ಕ್ಯಾಪ್ ನಾಲ್ಕು, ಟೆಫ್ಲಾನ್ ಟೇಪು, ಒಂದು ಡಬ್ಬಿ ಸಾಲ್ವೆಂಟು ಅಂತ ಒಂದೇ ಉಸಿರಲ್ಲಿ ಹೇಳ್ತಾನೆ. ಇವನು ಒಳಗೆ ಹೋಗಿ ಎಲ್ಲಾ ತಂದಿಡ್ತಾನೆ. ಬರ್ಕೊಳ್ಳೋದೂ ಇಲ್ಲ."

ಇದೊಂದನ್ನೇ ಹಿಡಿದು ಎಡಿಎಚ್‌ಡಿ ಇಲ್ಲ ಅನ್ನೋಕಾಗಲ್ಲ. ಆ ತೊಂದರೆ ಇರುವ ಮಕ್ಕಳೂ ಇಷ್ಟದ ಕೆಲಸದಲ್ಲಿ ಮುಳುಗಿ ಹೋಗುತ್ತಾರೆ. ಅದನ್ನು ನಿರ್ಧರಿಸುವುದು ಮನೋವೈದ್ಯರ, ಕ್ಲಿನಿಕಲ್ ಸೈಕಾಲಜಿಸ್ಟ್‌ಗಳ ಕೆಲಸ. ಅವರು 12 ವರ್ಷಕ್ಕೆ ಮುಂಚೆಯೇ ಲಕ್ಷಣ ಕಾಣಿಸಿತ್ತಾ, ಮನೆ, ಶಾಲೆ ಹೀಗೆ ಒಂದಕ್ಕಿಂತ ಹೆಚ್ಚು ಕಡೆ ಇದೆಯಾ ಅಂತ ನೋಡುತ್ತಾರೆ. ಅಲ್ಲಿಗೆ ಕಳಿಸುವುದಕ್ಕೆ ಮುಂಚೆ ಕ್ಲಾಸ್ ಟೀಚರ್ ಹತ್ತಿರ ಫೋನಿನಲ್ಲಿ ಮಾತಾಡಿದೆ. ಪಾಠ ಮಾಡುವಾಗ ಹುಡುಗ ಚೆನ್ನಾಗೇ ಕೇಳುತ್ತಾನೆ, ಪ್ರಶ್ನೆ ಹಾಕಿದರೆ ಉತ್ತರ ಹೇಳುತ್ತಾನೆ. "ಆದ್ರೆ ಲಾಸ್ಟ್ ಪೀರಿಯಡ್ ಹೋಂವರ್ಕ್ ಹೇಳೋ ಹೊತ್ತಿಗೆ ಬ್ಯಾಗ್ ಹಾಕ್ಕೊಂಡು ರೆಡಿ ಆಗ್ಬಿಟ್ಟಿರ್ತಾನೆ" ಅಂದರು.

ಮುಂದಿನ ಸಲ ಅಮ್ಮ ಮಗ ಇಬ್ಬರೇ ಶಾಲೆ ಬಿಟ್ಟ ಕೂಡಲೇ ಬಂದರು. ಹುಡುಗ ಇನ್ನೂ ಯೂನಿಫಾರ್ಮ್‌ನಲ್ಲಿದ್ದ.

"ಇವತ್ತು ಹೋಂವರ್ಕ್ ಏನು ಕೊಟ್ಟಿದಾರೆ?" ಕೇಳಿದೆ.

"ಗೊತ್ತಿಲ್ಲ."

"ಮಿಸ್ ಹೇಳಲಿಲ್ವಾ?"

"ಹೇಳಿದ್ರು."

"ಏನಂತ?"

"ನಾನು ಕೇಳಿಸ್ಕೊಳ್ಳಲ್ಲ. ಆರು ಗಂಟೆಗೆ ಹೇಗಿದ್ರೂ ಬರತ್ತಲ್ಲ."

ತುಂಟತನಕ್ಕೆ ಹೇಳಿದ್ದಲ್ಲ. ಬಸ್ ಎಷ್ಟೊತ್ತಿಗೆ ಅಂತ ಯಾರಾದರೂ ಕೇಳಿದರೆ ಹೇಳುತ್ತೇವಲ್ಲ, ಹಾಗೆ ಹೇಳಿದ. ಅಮ್ಮನಿಗೆ ತಕ್ಷಣ ಅರ್ಥವಾಗಲಿಲ್ಲ. "ಏನೋ ಬರತ್ತೆ?" ಅಂದರು. "ನಿನ್ ಫೋನಿಗೆ" ಅಂದ.

ಫೋನಿನಲ್ಲಿ ಕ್ಲಾಸಿನ ಪೇರೆಂಟ್ಸ್ ಗ್ರೂಪಿಗೆ ಹಿಂದಿನ ದಿನ ಬಂದಿದ್ದ ಮೆಸೇಜ್‌ಗಳನ್ನು ಓದಲು ಅಮ್ಮನಿಗೆ ಹೇಳಿದೆ. ಆರು ಗಂಟೆಗೆ ಕ್ಲಾಸ್ ಟೀಚರ್ ಹಾಕಿದ್ದು: "ಡಿಯರ್ ಪೇರೆಂಟ್ಸ್, ಮ್ಯಾಥ್ಸ್ ಎಕ್ಸರ್‌ಸೈಜ್ ಪೂರ್ತಿ ಮಾಡಿಸಿ. ಕನ್ನಡ ಪದ್ಯ ಬಾಯಿಪಾಠ ಮಾಡಿಸಿ. ಸೋಷಿಯಲ್ ಪ್ರಾಜೆಕ್ಟ್‌ಗೆ ಕರ್ನಾಟಕ ಮ್ಯಾಪ್ ತಂದಿಡಿ." ಅದರ ಕೆಳಗೆ ಸಾಲುಸಾಲು ಓಕೆ ಮಿಸ್, ನೋಟೆಡ್ ಮಿಸ್, ಕೈಮುಗಿಯುವ ಚಿತ್ರಗಳು. ಏಳೂವರೆಗೆ ಹಿಂದಿ ಟೀಚರ್ ಒಂದು ಪಿಡಿಎಫ್ ಕಳಿಸಿದ್ದರು, ಪ್ರಿಂಟ್ ತೆಗೆಸಿ ಅಂಟಿಸಬೇಕಂತೆ. ಒಂಬತ್ತಕ್ಕೆ ಮುಂಚೆ "ನಾಳೆ ಕಲರ್ ಡ್ರೆಸ್" ಅಂತ ಪ್ರಕಟಣೆ. ಹತ್ತರ ಹತ್ತಿರ ಒಬ್ಬ ಅಮ್ಮ, "ಸೈನ್ಸ್ ನೋಟ್ಸ್ ಯಾರಾದ್ರೂ ಫೋಟೋ ಹಾಕಿ ಪ್ಲೀಸ್, ಇವ್ನು ಬರ್ಕೊಂಡಿಲ್ಲ." ನಾಲ್ಕು ಜನ ಹಾಕಿದ್ದರು. ಅದರಲ್ಲಿ ನನ್ನ ಮುಂದೆ ಕೂತಿದ್ದವರೂ ಒಬ್ಬರು.

"ಆರು ಗಂಟೆ ಆದ್ಮೇಲೆ ನೀವೇನು ಮಾಡ್ತೀರಿ?" ಅಂದೆ. ಅವರು ಬ್ಯಾಗಿನಿಂದ ಒಂದು ಉದ್ದ ನೋಟ್‌ಬುಕ್ ತೆಗೆದರು. ಹೊತ್ತುಕೊಂಡೇ ಓಡಾಡುತ್ತಿದ್ದರು ಪಾಪ. ಪ್ರತಿ ಸಬ್ಜೆಕ್ಟಿಗೆ ಒಂದು ಕಾಲಂ. ಹೋಂವರ್ಕ್ ನೀಲಿ ಪೆನ್ನಲ್ಲಿ, ಒಪ್ಪಿಸಿದ್ದು ಕೆಂಪು ಟಿಕ್, ತಂದಿಡಬೇಕಾದ ಚಾರ್ಟು, ಥರ್ಮೋಕೋಲು, ಫೆವಿಕಾಲು ಕೊನೆಯ ಪುಟದಲ್ಲಿ. ಆರೂವರೆಗೆ ಮಗನನ್ನು ಕೂರಿಸಿ ಒಂದೊಂದೇ ಓದಿ ಹೇಳುತ್ತಾರೆ. ಆ ಪುಟ ತೆಗೆದು ಮುಂದಿಡುತ್ತಾರೆ. ಮುಗಿದ ಮೇಲೆ ಟೈಂಟೇಬಲ್ ನೋಡಿ ಬ್ಯಾಗ್ ಜೋಡಿಸುತ್ತಾರೆ. ಏಳನೇ ಕ್ಲಾಸಿನಲ್ಲಿ ಎಲ್ಲರಿಗಿಂತ ಶಿಸ್ತಿನ ವಿದ್ಯಾರ್ಥಿ ಯಾರು ಅಂತ ಆ ನೋಟ್‌ಬುಕ್ ನೋಡಿದರೆ ಗೊತ್ತಾಗುತ್ತಿತ್ತು.

ಹುಡುಗನಿಗೆ ಶಾಲೆಯ ಡೈರಿ ಇರಲಿಲ್ಲವಾ ಅಂದರೆ, ಇತ್ತು. ಫೀಸ್ ಕಟ್ಟಿದಾಗ ಬೆಲ್ಟು, ಟೈ ಜೊತೆ ಕೊಟ್ಟಿದ್ದು. ತೆಗೆದು ನೋಡಿದೆ. ಜೂನ್‌ನಲ್ಲಿ ಅಮ್ಮ ಬರೆದ ಒಂದು ರಜೆ ಚೀಟಿ ಬಿಟ್ಟರೆ ಎಲ್ಲಾ ಪುಟ ಖಾಲಿ.

"ನಾನು ಮಾಡ್ದೇ ಇದ್ರೆ ಇವ್ನು ಮಾಡ್ತಾನಾ ಮೇಡಂ?" ಅಂದರು ಅಮ್ಮ.

ಹುಡುಗ ಡೈರಿಯ ದಾರ ಬೆರಳಿಗೆ ಸುತ್ತುತ್ತಾ, "ಐದನೇ ಕ್ಲಾಸಲ್ಲಿ ಬರ್ಕೊಂಡು ಬರ್ತಿದ್ದೆ. ನೀನು ಗ್ರೂಪ್ ನೋಡಿ, ಒಂದು ಬಿಟ್ಟಿದೀಯ ನೋಡು ಅಂತಿದ್ದೆ. ದಿನಾ" ಅಂದ. ಅಮ್ಮನಿಗೆ ಅದು ನೆನಪೇ ಇರಲಿಲ್ಲ.

ಅಮ್ಮನ ಮೇಲೆ ತಪ್ಪು ಹೊರಿಸಲು ಇದನ್ನೆಲ್ಲಾ ಬರೆಯುತ್ತಿಲ್ಲ. ಈ ಹುಡುಗ ಎರಡನೇ ಕ್ಲಾಸಿನ ಕೊನೆಯಲ್ಲಿದ್ದಾಗ, 2020ರ ಮಾರ್ಚಿನಲ್ಲಿ, ಶಾಲೆ ಮುಚ್ಚಿತು. ನಮ್ಮ ರಾಜ್ಯದಲ್ಲಿ ಒಂದರಿಂದ ಐದರವರೆಗಿನ ತರಗತಿಗಳು ಮತ್ತೆ ತೆರೆದದ್ದು 2021ರ ಅಕ್ಟೋಬರ್ ಕೊನೆಗೆ. ಅಂದರೆ ಇವನ ಮೂರನೇ ಕ್ಲಾಸು ಪೂರ್ತಿ, ನಾಲ್ಕರಲ್ಲಿ ಸುಮಾರು ಅರ್ಧ ಅಮ್ಮನ ಫೋನಿನಲ್ಲೇ ನಡೆಯಿತು. ಬೋರ್ಡ್ ನೋಡಿ ಡೈರಿಗೆ ಬರೆದುಕೊಳ್ಳುವುದನ್ನು ಮಕ್ಕಳು ರೂಢಿ ಮಾಡಿಕೊಳ್ಳುವುದು ಸರಿಯಾಗಿ ಆ ವಯಸ್ಸಿನಲ್ಲಿ. ಆಗ ಅಮ್ಮ ಮೆಸೇಜ್ ಓದಿ ಹೇಳದೇ ಇದ್ದಿದ್ದರೆ ಪಾಠವೇ ಇರುತ್ತಿರಲಿಲ್ಲ. ಶಾಲೆ ತೆರೆಯಿತು, ಗ್ರೂಪ್ ಮಾತ್ರ ಮುಚ್ಚಲಿಲ್ಲ. ಯಾರೂ ಕೂತು ಯೋಚಿಸಿ ಮಾಡಿದ ತೀರ್ಮಾನ ಅಲ್ಲ ಇದು.

ನಾನು ಕೊಟ್ಟ ಸಲಹೆ ಹೀಗಿತ್ತು. ಅಮ್ಮ ಗ್ರೂಪಿನಲ್ಲಿ ಇರಲಿ. ಫೀಸು, ಮಳೆಗೆ ಡಿಸಿ ಕೊಟ್ಟ ರಜೆ, ಪೇರೆಂಟ್ಸ್ ಮೀಟಿಂಗು, ಇವೆಲ್ಲಾ ಅವರಿಗೆ ಸೇರಿದ್ದು. ಹೋಂವರ್ಕ್ ಮೆಸೇಜ್ ಕಂಡರೂ ಮಗನಿಗೆ ಹೇಳುವುದು ಬೇಡ. ಉದ್ದ ನೋಟ್‌ಬುಕ್ ಬಂದ್. ಕೊನೆಯ ಪೀರಿಯಡ್‌ನಲ್ಲಿ ಬ್ಯಾಗ್ ಜಿಪ್ ಹಾಕುವ ಮುಂಚೆ ಹುಡುಗ ಡೈರಿಗೆ ಬರೆದುಕೊಳ್ಳಬೇಕು. ಬಿಟ್ಟುಹೋದರೆ ಅಪ್ಪನ ಫೋನಿನಿಂದ ಅವನೇ ಗೆಳೆಯನಿಗೆ ಫೋನ್ ಮಾಡಿ ಕೇಳಬೇಕು. ಇದು ದಸರಾ ರಜೆಯವರೆಗೆ. ಟೀಚರಿಗೆ ಅಮ್ಮನೇ ಹೋಗಿ ಮೊದಲೇ ಹೇಳಿಬರಬೇಕು. ಹೋಂವರ್ಕ್ ಮಾಡಿಲ್ಲ ಅಂದರೆ ಮತ್ತೆ ಬರೆಸಲಿ, ಮಾರ್ಕ್ಸ್ ಕಳೆಯಲಿ. ಹೊಡೆಯುವುದು, ಎಲ್ಲರೆದುರು ಹೀಯಾಳಿಸುವುದು ಬೇಡ. ಅದಕ್ಕೆ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ನೇ ಅಡ್ಡ ಇದೆ.

ಇದೆಲ್ಲಾ ಹುಡುಗನ ಎದುರೇ ಹೇಳಿದ್ದು. "ಅಮ್ಮನಿಗೆ ಗೊತ್ತಿರತ್ತೆ, ಆದ್ರೆ ಹೇಳಲ್ಲ. ಸರಿನಾ?" ಅಂದೆ. ತಲೆ ಆಡಿಸಿದ.

ಎರಡನೇ ವಾರದಲ್ಲೇ ಎಡವಟ್ಟಾಯಿತು. ಸೈನ್ಸ್ ಮಾಡೆಲ್ ಒಂದನ್ನು ಎಫ್ಎ-2ಗೆ ಒಪ್ಪಿಸಬೇಕಿತ್ತು. ಹುಡುಗ ಬರೆದುಕೊಂಡಿರಲಿಲ್ಲ. ಗ್ರೂಪಿನಲ್ಲಿ ಬಂದಿತ್ತು. ರಾತ್ರಿ ಅಮ್ಮ ನನಗೆ ಫೋನ್ ಮಾಡಿದರು. "ಹೇಳ್ಬಿಡ್ಲಾ ಮೇಡಂ? ಇನ್ನೂ ಟೈಂ ಇದೆ, ನಾನೇ ಕೂತು ಮಾಡಿಬಿಡ್ತೀನಿ." ಬೇಡ ಅಂದೆ. ಮಾರನೇ ದಿನ ಅವನೊಬ್ಬನೇ ಬರಿಗೈಲಿ ನಿಂತ, ಮಾರ್ಕ್ಸ್ ಹೋಯಿತು. ಮನೆಗೆ ಬಂದು, "ನಿಂಗೆ ಗೊತ್ತಿತ್ತಲ್ವಾ?" ಅಂತ ಅಮ್ಮನ ಮೇಲೆ ಕೂಗಾಡಿ ಊಟ ಬಿಟ್ಟ. ಅಜ್ಜಿ ಮೊಮ್ಮಗನ ಕಡೆ. ನನ್ನ ನಂಬರ್ ತಗೊಂಡು ನೇರ ಕೇಳಿದರು: "ನಿಮಗೆ ಮಕ್ಕಳಿದಾವೇನಮ್ಮ?"

ನನಗೆ ಮಕ್ಕಳಿದ್ದಾರೋ ಇಲ್ಲವೋ ಅನ್ನುವುದರಿಂದ ಸಲಹೆ ಬದಲಾಗುವುದಿಲ್ಲ. ನನ್ನ ಲೆಕ್ಕ ಇಷ್ಟೇ. ಏಳನೇ ಕ್ಲಾಸಿನ ಎಫ್ಎ ಮಾರ್ಕ್ಸನ್ನು ಯಾವ ಕಾಲೇಜೂ ಕೇಳುವುದಿಲ್ಲ. ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕೇಳುತ್ತಾರೆ, ಆಗ ಆರು ಗಂಟೆಗೆ ಮೆಸೇಜ್ ಓದಿ ಹೇಳುವವರನ್ನು ನಂಬಿ ಕೂರೋಕಾಗಲ್ಲ. ಮರೆತು ಒದ್ದಾಡಲೇಬೇಕಾದರೆ ಅದಕ್ಕೆ ಆರು, ಏಳನೇ ಕ್ಲಾಸಿಗಿಂತ ಕಡಿಮೆ ಖರ್ಚಿನ ಜಾಗ ಸಿಗಲ್ಲ. ಕದ್ದುಮುಚ್ಚಿ ಮಾಡಿದ್ದರೆ ಅಜ್ಜಿ ಬೈದದ್ದು ಸರಿ ಅನ್ನುತ್ತಿದ್ದೆ. ಹೇಳಿಯೇ ಮಾಡಿದ್ದೆವು.

ಮುಂದಿನ ಸಲ ಹುಡುಗ ಬಂದಾಗ ಅವನನ್ನೇ ಕೇಳಿದೆ, ಇನ್ನು ಮೇಲೆ ಅಮ್ಮ ಹೇಳಬೇಕಾ ಅಂತ. ತುಂಬಾ ಹೊತ್ತು ಯೋಚನೆ ಮಾಡಿ, "ಪ್ರಾಜೆಕ್ಟ್ ಆದ್ರೆ ಹೇಳ್ಲಿ. ಹೋಂವರ್ಕ್ ಬೇಡ" ಅಂದ. ನಾನೂ ಒಪ್ಪಿದೆ, ಯಾಕೆಂದರೆ ಅವನ ಮಾತಿನಲ್ಲಿ ನ್ಯಾಯ ಇತ್ತು. ನಾಳೆಗೆ ಏನು ಅನ್ನುವುದನ್ನು ಹನ್ನೆರಡು ವರ್ಷದ ಮಗು ತಲೆಯಲ್ಲಿ ಇಟ್ಟುಕೊಳ್ಳಬಲ್ಲದು. ಎರಡು ವಾರದ ಆಚೆಗಿನ ಕೆಲಸವನ್ನು ಇವತ್ತೇ ತುಂಡು ಮಾಡಿ ಶುರು ಮಾಡುವುದು ಆ ವಯಸ್ಸಿಗೆ ಕಷ್ಟ. ಅಲ್ಲಿ ದೊಡ್ಡವರು ಒಂದು ಸಲ ನೆನಪಿಸಲಿ. ಅಂಟಿಸಿಕೊಡುವುದು ಮಾತ್ರ ಬೇಡ.

ದಸರಾ ಕಳೆದ ಮೇಲೆ ಡೈರಿ ತಂದು ತೋರಿಸಿದ. "ಮ್ಯಾ 4.2, ಕ ಪ್ರ 3, ಹಿಂ ಇಲ್ಲ" ಅಂತ ಅವನಿಗೆ ಮಾತ್ರ ಅರ್ಥವಾಗುವ ಹಾಗೆ ಗೀಚಿದ್ದ. ಕೆಲವು ದಿನ ಖಾಲಿ. ಮ್ಯಾಥ್ಸ್ ಮಾರ್ಕ್ಸ್ ಸ್ವಲ್ಪ ಇಳಿದಿತ್ತು, ಅಮ್ಮ ಪಕ್ಕದಲ್ಲಿ ಕೂರುತ್ತಿರಲಿಲ್ಲವಲ್ಲ. ಅಪ್ಪ ತಲೆಕೆಡಿಸಿಕೊಳ್ಳಲಿಲ್ಲ. ಅಮ್ಮನಿಗೆ ಇನ್ನೂ ಸಮಾಧಾನ ಇಲ್ಲ. ಮಗ ಮಲಗಿದ ಮೇಲೆ ಬ್ಯಾಗ್ ತೆಗೆದು ನೋಡುತ್ತಾರಂತೆ. ನೋಡಲಿ, ಜೋಡಿಸದಿದ್ದರೆ ಸಾಕು ಅಂದಿದ್ದೇನೆ.

ಟೀಚರ್ ಬೇಜಾರಿನಲ್ಲೂ ಅರ್ಥ ಇತ್ತು. "ಮೆಸೇಜ್ ಹಾಕದಿದ್ರೆ ಪೇರೆಂಟ್ಸೇ ಗಲಾಟೆ ಮಾಡ್ತಾರೆ ಮೇಡಂ. ನಾವೇನು ಖುಷಿಗೆ ಮನೇಲಿ ಕೂತು ಟೈಪ್ ಮಾಡ್ತೀವಾ?" ನಿಜ. ಅವರಿಗೆ ನಾನು ಹೇಳಿದ್ದು: ಹೋಂವರ್ಕನ್ನು ಬೋರ್ಡಿನ ಮೂಲೆಯಲ್ಲಿ ಬರೆಯಿರಿ, ಮಕ್ಕಳು ಬರೆದುಕೊಳ್ಳಲು ಐದು ನಿಮಿಷ ಕೊಡಿ, ಪೇರೆಂಟ್ಸೇ ಮಾಡಬೇಕಾದ ಕೆಲಸ ಇದ್ದರೆ ಮಾತ್ರ ಗ್ರೂಪಿಗೆ ಹಾಕಿ. ಇನ್ನೊಂದು ಮಾತೂ ಹೇಳಿದೆ. ಕೇಂದ್ರ ಸರ್ಕಾರದ 2020ರ ಸ್ಕೂಲ್ ಬ್ಯಾಗ್ ನೀತಿಯಲ್ಲಿ ಎರಡನೇ ಕ್ಲಾಸಿನವರೆಗೆ ಹೋಂವರ್ಕೇ ಬೇಡ ಅಂತಿದೆ, ಆರರಿಂದ ಎಂಟನೇ ಕ್ಲಾಸಿಗೆ ದಿನಕ್ಕೆ ಹೆಚ್ಚೆಂದರೆ 1 ಗಂಟೆ, ವಾರಕ್ಕೆ 5ರಿಂದ 6 ಗಂಟೆ. ಅಮ್ಮ ಓದಿದ ಆ ಒಂದು ದಿನದ ಪಟ್ಟಿಯನ್ನು ಕೂಡಿದರೆ ಎರಡು ಗಂಟೆ ದಾಟುತ್ತಿತ್ತು. ಪ್ರತಿ ಸಬ್ಜೆಕ್ಟ್ ಟೀಚರ್ ತಮ್ಮದಷ್ಟೇ ಹಾಕುತ್ತಾರೆ, ಒಟ್ಟು ಎಷ್ಟಾಯಿತು ಅಂತ ಕೂಡಿ ನೋಡುವವರಿಲ್ಲ. ಎಲ್ಲವೂ ಒಂದೇ ಬೋರ್ಡಿನ ಮೇಲೆ ಇದ್ದರೆ ಮೂರನೇ ಟೀಚರಿಗೆ ತಾನಾಗೇ ಕೈ ಹಿಂದೆ ಬರುತ್ತದೆ.

ಓದಿದವರು ನಾಳೆಯಿಂದಲೇ ಗ್ರೂಪ್ ಮ್ಯೂಟ್ ಮಾಡಿ ಮಗುವನ್ನು ಅದರ ಪಾಡಿಗೆ ಬಿಡಬೇಡಿ. ಬೋರ್ಡ್ ನೋಡಿ ಬರೆಯಲು ಒದ್ದಾಡುವ, ಅಕ್ಷರ ಬಿಟ್ಟು ಬರೆಯುವ, ಓದುವಾಗ ತಡವರಿಸುವ ಮಗುವಿಗೆ ಇದು ಶಿಕ್ಷೆಯಾಗುತ್ತದೆ. ಆ ಮಗುವಿಗೆ ಬೇಕಾಗಿರುವುದು ಕಲಿಕೆಯ ತೊಂದರೆಯ ಪರೀಕ್ಷೆ. ಶಾಲೆ ಅಂದರೆ ಹೊಟ್ಟೆನೋವು ಬರುವ, ಒಂದು ಮಾರ್ಕ್ಸ್ ಹೋದರೆ ರಾತ್ರಿ ನಿದ್ದೆ ಮಾಡದ ಮಗುವಿಗೂ ಈ ಸಲಹೆ ಕೊಡುವುದಿಲ್ಲ. ಮೊದಲು ಆ ಭಯದ ಕಡೆ ನೋಡಬೇಕು. ಹತ್ತಿರದಲ್ಲಿ ಆಪ್ತಸಲಹೆಗಾರರು ಸಿಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್‌ನ 14416ಕ್ಕೆ ಫೋನ್ ಮಾಡಬಹುದು. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.