‘ನೆತೊಚ್ಕಾ ನೆಜ್ವಾನೊವಾ’ ಅರ್ಧಕ್ಕೇ ನಿಂತದ್ದೇಕೆ?

ದಾಸ್ತೊಯೆವ್‌ಸ್ಕಿ ‘ನೆತೊಚ್ಕಾ ನೆಜ್ವಾನೊವಾ’ ಕಾದಂಬರಿಯನ್ನು ಏಕೆ ಮುಗಿಸಲಿಲ್ಲ, ಮುಗಿಯದ ಕೃತಿಯನ್ನು ಓದಬಹುದೇ ಎಂದು ಕೇಳಿದ್ದೀರಿ. ಬಂಧನವೇ ಕಾರಣವೆಂದು ಎಲ್ಲರೂ ಹೇಳುತ್ತಾರೆ. ನನ್ನ ದೃಷ್ಟಿಯಲ್ಲಿ ಅದು ಅರ್ಧ ಉತ್ತರ ಮಾತ್ರ.

ಮೊದಲೆರಡು ಭಾಗಗಳು 1849ರ ಜನವರಿ ಮತ್ತು ಫೆಬ್ರವರಿಯಲ್ಲಿ ‘ಒತೆಚೆಸ್ತ್ವೆನ್ನಿಯೆ ಜಪಿಸ್ಕಿ’ ಪತ್ರಿಕೆಯಲ್ಲಿ ಬಂದವು. ನಿಷೇಧಿತ ಸಮಾಜವಾದಿ ವಿಚಾರಗಳನ್ನು ಚರ್ಚಿಸುತ್ತಿದ್ದ ಪೆತ್ರಾಶೆವ್‌ಸ್ಕಿಯ ಗುಂಪಿಗೆ ಸೇರಿದವನೆಂದು ಅಂದಿನ ರಷ್ಯನ್ ಪಂಚಾಂಗದ ಏಪ್ರಿಲ್ 23ರಂದು ಲೇಖಕನನ್ನು ಬಂಧಿಸಲಾಯಿತು. ಮೂರನೆಯ ಭಾಗ ಮೇ ತಿಂಗಳಲ್ಲಿ ಅವನ ಹೆಸರಿಲ್ಲದೆಯೇ ಅಚ್ಚಾಯಿತು. ಮುಂದೆ ಮರಣದಂಡನೆಯ ಅಣಕ, ಸೈಬೀರಿಯಾದ ಓಮ್‌ಸ್ಕ್‌ನಲ್ಲಿ ನಾಲ್ಕು ವರ್ಷಗಳ ಕಠಿಣ ಶಿಕ್ಷೆ, ಆಮೇಲೆ ಸೈನಿಕ ಸೇವೆ. ಪೀಟರ್ಸ್‌ಬರ್ಗ್‌ಗೆ ಅವನು ಮರಳಿದ್ದು 1859ರ ಕೊನೆಯಲ್ಲಿ.

ಆದರೆ ಬಂಧನದ ನಂತರ, ಸೈಬೀರಿಯಾಕ್ಕೆ ಹೋಗುವ ಮೊದಲು, ಪೀಟರ್ಸ್‌ಬರ್ಗ್‌ನ ಕೋಟೆಯ ಸೆರೆಯಲ್ಲಿ ಬರೆಯಲು ಅನುಮತಿ ದೊರೆತಾಗ ಅವನು ಕೈಗೆತ್ತಿಕೊಂಡದ್ದು ನೆತೊಚ್ಕಾಳ ಕಥೆಯನ್ನಲ್ಲ, ಹನ್ನೊಂದು ವರ್ಷದ ಹುಡುಗನೊಬ್ಬನ ಹೊಸ ಕಥೆಯನ್ನು. 1860ರಲ್ಲಿ ತನ್ನ ಕೃತಿಗಳ ಸಂಗ್ರಹಕ್ಕಾಗಿ ಈ ಕಾದಂಬರಿಯನ್ನು ತಿದ್ದುವಾಗಲೂ ಭಾಗಗಳ ಶೀರ್ಷಿಕೆಗಳನ್ನು ಅಳಿಸಿದ, ‘ಒಬ್ಬ ಹೆಣ್ಣಿನ ಕಥೆ’ ಎಂಬ ಉಪಶೀರ್ಷಿಕೆಯನ್ನು ತೆಗೆದ, ಲಾರ್ಯಾ ಎಂಬ ಅನಾಥ ಹುಡುಗನನ್ನು ಪೂರ್ತಿಯಾಗಿ ಕೈಬಿಟ್ಟ. ಮುಂದಿನ ಕಥೆಯನ್ನು ಮಾತ್ರ ಬರೆಯಲಿಲ್ಲ. ಎಳೆ ಕಡಿದದ್ದು ಪೊಲೀಸರಿಂದಲೇ ಆದರೂ ಅದನ್ನು ಮತ್ತೆ ಹೊಸೆಯದಿರುವ ತೀರ್ಮಾನ ಅವನದೇ ಎಂದು ನಾನು ಭಾವಿಸುತ್ತೇನೆ. ಸೈಬೀರಿಯಾದಿಂದ ಬಂದವನ ಎದುರು ಸೆರೆಮನೆಯ ಬದುಕೇ ಬರೆಯಬೇಕಾದ ವಸ್ತುವಾಗಿ ನಿಂತಿತ್ತು.

ಓದಬೇಕೇ ಎಂದರೆ, ಖಂಡಿತ ಓದಿ. ತಾನು ಮಹಾನ್ ಪಿಟೀಲುವಾದಕನೆಂದು ನಂಬಿ, ಹೆಂಡತಿಯಿಂದಲೇ ತನ್ನ ಪ್ರತಿಭೆ ಹಾಳಾಯಿತೆಂದು ದೂರುವ ಮಲತಂದೆ ಯೆಫಿಮೊವ್‌ನನ್ನು ಮಗು ನೆತೊಚ್ಕಾ ತಾಯಿಗಿಂತ ಹೆಚ್ಚಾಗಿ ಪ್ರೀತಿಸುತ್ತದೆ. ನಿಜವಾದ ಕಲಾವಿದನೊಬ್ಬನ ಕಛೇರಿ ಕೇಳಿ ಬಂದ ರಾತ್ರಿ ಹೆಂಡತಿ ಸತ್ತಿದ್ದಾಳೆ. ಅವನು ಶವದ ಮೇಲೆ ಬಟ್ಟೆಗಳನ್ನು ಹೇರಿ ಪಿಟೀಲು ನುಡಿಸುತ್ತಾನೆ, ಎಚ್ಚರಗೊಂಡ ಮಗು ನೋಡುತ್ತಾ ನಿಲ್ಲುತ್ತದೆ. ಅಪರಾಧ, ಪ್ರೇಮ, ಭಯ ಒಂದೇ ಮನಸ್ಸಿನಲ್ಲಿ ಹೀಗೆ ಬೆರೆಯುವುದನ್ನು ಮಗುವಿನ ಕಣ್ಣಿನಿಂದ ತೋರಿಸಿದ ಪುಟಗಳು ದಾಸ್ತೊಯೆವ್‌ಸ್ಕಿಯ ಮುಂದಿನ ದೊಡ್ಡ ಕಾದಂಬರಿಗಳಲ್ಲಿಯೂ ವಿರಳ. ಯೆಫಿಮೊವ್‌ನ ಸಾವಿನವರೆಗಿನ ಈ ಭಾಗ ತನ್ನಷ್ಟಕ್ಕೆ ಸಂಪೂರ್ಣವಾಗಿದೆ. ಅನಾಥಳಾದ ನೆತೊಚ್ಕಾಳಿಗೆ ಆಶ್ರಯ ಕೊಟ್ಟ ಮನೆಯ ರಾಜಕುಮಾರಿ ಕಾತ್ಯಾಳೊಂದಿಗಿನ ಗೆಳೆತನದ ಅಧ್ಯಾಯಗಳೂ ಜೀವಂತವಾಗಿವೆ. ಅರ್ಧಕ್ಕೆ ನಿಂತದ್ದು ನಿಜವಾಗಿ ಕಾಡುವುದು ಕೊನೆಯ ಭಾಗದಲ್ಲಿ, ಮುಂದೆ ಅವಳನ್ನು ಸಾಕಿದ ಕಾತ್ಯಾಳ ಅಕ್ಕ ಅಲೆಕ್ಸಾಂದ್ರಾ ಮಿಖಾಯಿಲೊವ್ನಾಳ ಮನೆಯಲ್ಲಿ: ಪುಸ್ತಕವೊಂದರೊಳಗೆ ಅಡಗಿದ್ದ ಹಳೆಯ ಪತ್ರ ಅವಳ ದುಃಖದ ಕಾರಣವನ್ನು ನೆತೊಚ್ಕಾಳಿಗೆ ತಿಳಿಸುತ್ತದೆ, ಆದರೆ ಹಾಡುಗಾರ್ತಿಯಾಗಬೇಕಿದ್ದ ಆ ಹುಡುಗಿ ವೇದಿಕೆಯನ್ನು ತಲುಪುವುದನ್ನು ನಾವು ಕಾಣುವುದೇ ಇಲ್ಲ.