ಹೋಗುವಾಗ 5 ಗಂಟೆ 40 ನಿಮಿಷ, ಬರುವಾಗ ಬರೀ 2 ಗಂಟೆ?

ಪ್ರಶ್ನೆ: ಲಂಡನ್ನಿನ ಹೀಥ್ರೂದಿಂದ ಅಥೆನ್ಸ್‌ಗೆ ಟಿಕೆಟ್ ನೋಡುತ್ತಿದ್ದೆ. ಹೋಗುವ ವಿಮಾನ 10:00ಕ್ಕೆ ಹೊರಟು 15:40ಕ್ಕೆ ತಲುಪುತ್ತದೆ. ಬರುವುದು 13:00ಕ್ಕೆ ಹೊರಟು 15:00ಕ್ಕೇ ಲಂಡನ್ನಿನಲ್ಲಿ! ದಾರಿ ಒಂದೇ ತಾನೆ? ನಿಜವಾದ ಪ್ರಯಾಣ ಎಷ್ಟು ಹೊತ್ತು?

ಉತ್ತರ: ಹೊರಡುವ ಸಮಯ ಹೊರಡುವ ಊರಿನ ಗಡಿಯಾರದ್ದು, ತಲುಪುವ ಸಮಯ ತಲುಪುವ ಊರಿನದು. ಅಥೆನ್ಸ್ ಗಡಿಯಾರ ಲಂಡನ್ನಿಗಿಂತ 2 ಗಂಟೆ ಮುಂದೆ. ಹೋಗುವಾಗಿನ 5:40ರಲ್ಲಿ ಎರಡು ಗಂಟೆ ಕಳೆಯಿರಿ: 3 ಗಂಟೆ 40 ನಿಮಿಷ. ಬರುವಾಗ ಎರಡು ಕೂಡಿಸಿ: 4 ಗಂಟೆ. ಯುರೋಪಿನಲ್ಲಿ ಬೇಸಿಗೆಗೆಂದು ಗಡಿಯಾರವನ್ನು ಒಂದು ಗಂಟೆ ಮುಂದಿಡುವಾಗಲೂ ಈ ಲೆಕ್ಕ ಕೆಡದು. ಮಾರ್ಚ್ ಮತ್ತು ಅಕ್ಟೋಬರ್ ತಿಂಗಳ ಕೊನೆಯ ಭಾನುವಾರ ಎರಡೂ ಕಡೆ ಒಂದೇ ಕ್ಷಣಕ್ಕೆ ಬದಲಾವಣೆ ಆಗುತ್ತದೆ.

ಉಳಿದ 20 ನಿಮಿಷ ಗಾಳಿಯ ಪಾಲು. ಯುರೋಪಿನ ಮೇಲೆ ಎತ್ತರದಲ್ಲಿ ಗಾಳಿ ಹೆಚ್ಚಾಗಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುತ್ತದೆ. ಏರ್‌ಬಸ್ ಎ320ರಂಥ ವಿಮಾನ 11 ಕಿ.ಮೀ. ಎತ್ತರದಲ್ಲಿ ಗಂಟೆಗೆ ಸುಮಾರು 830 ಕಿ.ಮೀ. ಓಡುತ್ತದೆ ಎನ್ನಿ. ಗಾಳಿ 60 ಕಿ.ಮೀ. ಇದ್ದರೆ ನೆಲದ ಲೆಕ್ಕದಲ್ಲಿ ಹೋಗುವಾಗ 890, ಬರುವಾಗ 770. ಏರುವ, ಇಳಿಯುವ ಭಾಗ ಬಿಟ್ಟು ನಡುವಿನ 2,000 ಕಿ.ಮೀ.ಗೆ ಹೋಗಲು 135 ನಿಮಿಷ, ಬರಲು 156. ಚಳಿಗಾಲದಲ್ಲಿ ಗಾಳಿ ಇನ್ನೂ ಜೋರು, ಅಂತರವೂ ಹಿಗ್ಗುತ್ತದೆ.

ಲಂಡನ್‌ನಿಂದ ಅಥೆನ್ಸ್‌ಗೆ ಒಟ್ಟು ದೂರ ಸುಮಾರು 2,400 ಕಿ.ಮೀ. ಅದು ಭೂಗೋಳದ ಮೇಲೆ ದಾರ ಬಿಗಿದು ಅಳೆದಂತೆ. ವಿಮಾನ ಹಾರುವುದು ವಾಯುಮಾರ್ಗ ಹಿಡಿದು, ಆದ್ದರಿಂದ ತುಸು ಹೆಚ್ಚೇ ಆಗುತ್ತದೆ. ಅಂದಾಜಿಗೆ ನಮ್ಮ ಸೂತ್ರ: ಕಿ.ಮೀ.ಯನ್ನು 800ರಿಂದ ಭಾಗಿಸಿ, 40 ನಿಮಿಷ ಕೂಡಿಸಿ. 2,400ಕ್ಕೆ 3 ಗಂಟೆ 40 ನಿಮಿಷ ಬರುತ್ತದೆ.

ಪ್ರಶ್ನೆ: ಹೀಥ್ರೂದಿಂದ ಆಮ್‌ಸ್ಟರ್‌ಡ್ಯಾಮ್ ಬರೀ 370 ಕಿ.ಮೀ. ಆದರೂ ವೇಳಾಪಟ್ಟಿಯಲ್ಲಿ 1 ಗಂಟೆ 20 ನಿಮಿಷ ಯಾಕೆ?

ಉತ್ತರ: ವೇಳಾಪಟ್ಟಿಯಲ್ಲಿರುವುದು ಹಾರಾಟದ ಸಮಯವಲ್ಲ, ಬ್ಲಾಕ್ ಟೈಮ್: ನಿಂತ ಜಾಗದಿಂದ ವಿಮಾನ ಕದಲಿದಾಗಿನಿಂದ, ಅಲ್ಲಿ ಹೋಗಿ ನಿಲ್ಲುವವರೆಗೆ. ಆಕಾಶದಲ್ಲಿ ಇರುವುದು ಮುಕ್ಕಾಲು ಗಂಟೆಯ ಆಸುಪಾಸು. ಅದರಲ್ಲೂ ಪೂರ್ಣ ವೇಗ ಸಿಗುವುದು ಅಲ್ಪ ಹೊತ್ತು. 10,000 ಅಡಿಯ ಕೆಳಗೆ ಸಾಮಾನ್ಯವಾಗಿ 250 ನಾಟ್ ಮಿತಿ, ಅಂದರೆ ಗಂಟೆಗೆ 463 ಕಿ.ಮೀ. 35,000 ಅಡಿಯಿಂದ ಇಳಿಯಲು ಬೇಕಾದ ದೂರವೇ ಸುಮಾರು 195 ಕಿ.ಮೀ. ಈ ಹಾರಾಟದ ಅರ್ಧ ದಾರಿ ಅಲ್ಲಿಗೇ ಮುಗಿಯಿತು! ಹಾಗಾಗಿ ಇಷ್ಟು ಗಿಡ್ಡ ದಾರಿಯಲ್ಲಿ ಅಷ್ಟು ಎತ್ತರಕ್ಕೆ ಏರುವುದೇ ಕಡಿಮೆ.

ಮಿಕ್ಕಿದ್ದು ನೆಲದ ಮೇಲಿನ ಓಡಾಟ. ಆಮ್‌ಸ್ಟರ್‌ಡ್ಯಾಮ್‌ನ ಸ್ಕಿಪೋಲ್ ನಿಲ್ದಾಣದಲ್ಲಿ 2003ರಲ್ಲಿ ತೆರೆದ ಪೋಲ್ಡರ್‌ಬಾನ್ ರನ್‌ವೇಯಲ್ಲಿ ಇಳಿದರೆ, ಹೆದ್ದಾರಿಯ ಮೇಲಿನ ಸೇತುವೆ ದಾಟಿ ಟರ್ಮಿನಲ್ ಮುಟ್ಟಲು ಕಾಲು ಗಂಟೆಯೇ ಬೇಕಾದೀತು. ಹಿಂದಿರುಗುವಾಗ ಹೀಥ್ರೂ ದಟ್ಟಣೆಯಲ್ಲಿ ಆಕಾಶದಲ್ಲೇ ಸುತ್ತು ಹಾಕಿಸಬಹುದು. ಪೂರ್ವದಿಂದ ಬರುವವರಿಗೆ ಈ ಸುತ್ತು ಲಂಡನ್ನಿನ ಈಶಾನ್ಯದ ಲ್ಯಾಂಬೋರ್ನ್ ಎಂಬ ಜಾಗದ ಮೇಲೆ. ಇದನ್ನೆಲ್ಲ ಎಣಿಸಿಯೇ ಸಮಯ ಹಾಕಿರುತ್ತಾರೆ. ಸಾಲು ಇಲ್ಲದ ದಿನ ವಿಮಾನ ‘ಬೇಗ’ ಬರುವುದೂ ಇದರಿಂದಲೇ.

ಮುಂದಿನ ವಿಮಾನ ಹಿಡಿಯುವವರು ಒಂದು ನೋಡಿಕೊಳ್ಳಿ: ಷೆಂಗೆನ್ ಎಂದರೆ ತಮ್ಮ ನಡುವೆ ಗಡಿಯಲ್ಲಿ ಪಾಸ್‌ಪೋರ್ಟ್ ತಪಾಸಣೆ ಬಿಟ್ಟ ಯುರೋಪಿನ ದೇಶಗಳ ಕೂಟ. ಲಂಡನ್ ಅದರ ಹೊರಗೆ, ಆಮ್‌ಸ್ಟರ್‌ಡ್ಯಾಮ್ ಒಳಗೆ. ಅಲ್ಲಿಂದ ಷೆಂಗೆನ್ ಊರಿಗೆ ಹೋಗುವುದಾದರೆ ಪಾಸ್‌ಪೋರ್ಟ್ ಸಾಲು ನಡುವೆ ಬಂದೇ ಬರುತ್ತದೆ. ಆ ಹೊತ್ತು ಯಾವ ವೇಳಾಪಟ್ಟಿಯಲ್ಲೂ ಇರುವುದಿಲ್ಲ.